ಗುತ್ತಿಯ ಹಿಂದೆ ತೀರ್ಥಹಳ್ಳಿಗೆ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಗುತ್ತಿ ಗೊತ್ತು. ಹುಲಿಯ ಎಂಬ ನಾಯಿಯೊಡನೆ ಕಾಡುದಾರಿಯಲ್ಲಿ ನಡೆಯುವವನು. ಅವನ ಕಥೆ ಓದಿ ನನಗೂ ತಿಪಟೂರಿನಿಂದ ತೀರ್ಥಹಳ್ಳಿಗೆ ನಡೆಯುವ ಆಸೆಯಾಯಿತು. ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ ದಾಟಿ ಸುಮಾರು 200 ಕಿ.ಮೀ. ಕಾಲೇಜು ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಇಲ್ಲೇ ನಡೆದು, ಅಷ್ಟು ದೂರವನ್ನು ಭೂಪಟದಲ್ಲಿ ಗುರುತು ಹಾಕುತ್ತಿದ್ದೇನೆ.

ಅಳತೆಗೆ ಮೊಬೈಲ್ ಬೇಕಿಲ್ಲ. ನಮ್ಮ ತೋಟದ ಸಾಲಿನಲ್ಲಿ ತೆಂಗಿನ ಮರದಿಂದ ಮರಕ್ಕೆ 30 ಅಡಿ. ಅಂಥ 110 ಅಂತರ ದಾಟಿದರೆ ಹೆಚ್ಚುಕಡಿಮೆ ಒಂದು ಕಿ.ಮೀ. (ಒಣಗಿ ಬಿದ್ದ ಮರದ ಜಾಗವನ್ನೂ ಎಣಿಸಬೇಕು, ನಾನು ಮೊದಲು ಮರೆತಿದ್ದೆ.) ಅಷ್ಟಕ್ಕೆ ನನ್ನ ಹೆಜ್ಜೆ 1,550. ಈಗ ಯಾವ ದಾರಿಯಾದರೂ ಹೆಜ್ಜೆಯಲ್ಲೇ ಲೆಕ್ಕ.

ಮೊದಲ ವಾರಗಳಲ್ಲಿ ಫಜರ್ ನಮಾಜ್ ಮುಗಿಸಿ 8 ಕಿ.ಮೀ. ನಡೆದೆ. ಅಕೌಂಟೆನ್ಸಿ ತರಗತಿಯಲ್ಲಿ ನಿದ್ದೆ ಬಂತು. ಟೆಸ್ಟ್‌ನಲ್ಲಿ 50ಕ್ಕೆ 14. ಅಮ್ಮಿ ಕೇಳಿದರು: “ಗುತ್ತಿಗೆ ಪಿಯುಸಿ ಪರೀಕ್ಷೆ ಇತ್ತೇನೋ?”

ಉತ್ತರ ಇರಲಿಲ್ಲ. ಬೆಳಗಿನ ನಡಿಗೆ ಬಿಟ್ಟೆ. ಈಗ ಸಂಜೆ ಊರಿಗೆ 3 ಕಿ.ಮೀ. ಇರುವಾಗಲೇ ಬಸ್ ಇಳಿಯುತ್ತೇನೆ. ಮುಕ್ಕಾಲು ಗಂಟೆ ಸಾಕು, ಜರ್ನಲ್ ಎಂಟ್ರಿಗಳನ್ನು ಬಾಯಲ್ಲಿ ಹೇಳಿಕೊಂಡು ಬರಬಹುದು. ಕೊಬ್ಬರಿ ಹರಾಜಿನ ದಿನ ರಸ್ತೆಯಲ್ಲಿ ಲಾರಿ ಜಾಸ್ತಿ, ಆಗ ತೋಟದ ಬದಿಯ ದಾರಿ. ರಂಜಾನಿನಲ್ಲಿ ಸಂಜೆ ನಡಿಗೆ ಇಲ್ಲ. ತರಾವೀಹ್‌ಗೆ ಮಸೀದಿಗೆ ಹೋಗಿ ಬಂದದ್ದಷ್ಟೇ ಲೆಕ್ಕ. ಪರೀಕ್ಷೆ ವಾರದಲ್ಲಿ ಅದೂ ಸೊನ್ನೆ.

ಮುಂದಿನ ಟೆಸ್ಟ್‌ನಲ್ಲಿ 31 ಬಂತು. ಭೂಪಟದಲ್ಲಿ ಕಡೂರು ಇನ್ನೂ 4 ಕಿ.ಮೀ. ದೂರವಿದೆ.