ಗಿರಾಕಿಯ ಬಟ್ಟೆ, ನಮ್ಮ ಹೊಲಿಗೆ: ಸೇನಾ ಸಮವಸ್ತ್ರದ ಕೌದಿ ಕೆಲಸದಲ್ಲಿ ಲೆಕ್ಕ ಮತ್ತು ಹೊಣೆ

ಕೊಬ್ಬರಿಯ ದರ, ಕಮಿಷನ್, ಜಿ.ಎಸ್.ಟಿ. ರಿಟರ್ನ್ ಇವುಗಳ ಪ್ರಶ್ನೆಗಳೇ ಹೆಚ್ಚಾಗಿ ಬರುವ ನಮ್ಮ ಕಚೇರಿಗೆ ಕೆಲವು ಕಾಲದ ಹಿಂದೆ ಬೇರೆಯದೇ ಒಂದು ಪ್ರಶ್ನೆ ಬಂದಿತು. ಕೇಳಿದವರು ಪಟ್ಟಣದಲ್ಲಿ ದರ್ಜಿ ಅಂಗಡಿ ನಡೆಸುವ ಕಕ್ಷಿದಾರರೊಬ್ಬರು. ತುರುವೇಕೆರೆ ಕಡೆಯ ಹಳ್ಳಿಯ ಹೆಣ್ಣುಮಗಳೊಬ್ಬರು, ಸೇನೆಯಿಂದ ನಿವೃತ್ತರಾಗಿ ನಂತರ ತೀರಿಕೊಂಡ ತಮ್ಮ ಪತಿಯ ಸಮವಸ್ತ್ರಗಳನ್ನು ಟ್ರಂಕಿನ ಸಮೇತ ತಂದು, ಅವುಗಳಿಂದ ಒಂದು ಕೌದಿ ಹೊಲಿದುಕೊಡಬೇಕೆಂದು ಕೇಳಿದ್ದರು. "ಸಾರ್, ಇದಕ್ಕೆ ಬಿಲ್ಲು ಹೇಗೆ ಬರೆಯಲಿ? ಕೌದಿ ಮಾರಿದೆ ಎಂದು ಬರೆಯಲೋ, ಹೊಲಿಗೆ ಕೂಲಿ ಎಂದು ಬರೆಯಲೋ?" ಎಂಬುದು ಅವರ ಪ್ರಶ್ನೆ. ಉತ್ತರ ಹೇಳಿ ಕಳುಹಿಸಿದೆ. ಎರಡು ವಾರದ ನಂತರ ಅವರೇ ಮತ್ತೆ ಬಂದರು. ಆ ಬಾರಿ ತಂದ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಾಗಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಕೌದಿ ನಮ್ಮವರಿಗೆ ಹೊಸದಲ್ಲ. ಹಳೆಯ ಸೀರೆ, ಪಂಚೆಗಳನ್ನು ಪದರಪದರವಾಗಿ ಇಟ್ಟು ಕೈಯಿಂದ ಸಾಲುಸಾಲಾಗಿ ಹೊಲಿಯುವ ಈ ಕೆಲಸ ಉತ್ತರ ಕರ್ನಾಟಕದಲ್ಲಿ ಮನೆಮನೆಯ ವಿದ್ಯೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಇದನ್ನು 'ಕವಂದ' ಎನ್ನುತ್ತಾರೆ. ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಹೊಲಿಯುತ್ತ ಹೋಗಿ, ಮೂಲೆಗಳಲ್ಲಿ 'ಫೂಲ್' ಎಂಬ ಬಟ್ಟೆಯ ಹೂವನ್ನು ಇಡದೆ ಕೆಲಸ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಸೇನೆಯ ಬಟ್ಟೆಯಿಂದ ಇಂಥದ್ದನ್ನು ಮಾಡುವ ರೂಢಿಯೂ ಹಳೆಯದೇ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಪಡೆಗಳ ಸಿಪಾಯಿಗಳೂ ದರ್ಜಿಗಳೂ ಸಮವಸ್ತ್ರದ ದಪ್ಪ ಉಣ್ಣೆಯ ತುಂಡುಗಳಿಂದ ಹಾಸುಹೊದಿಕೆ ಹೊಲಿಯುತ್ತಿದ್ದರು. ಫ್ರಾನ್ಸಿಸ್ ಬ್ರೇಲಿ ಎಂಬ ಸಿಪಾಯಿ ಇಲ್ಲಿದ್ದಾಗ ಹೊಲಿದ ಒಂದು ಹೊದಿಕೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ದೊಡ್ಡ ಸೇನಾನಿಗಳ ನೆನಪು ಉಳಿಯಲು ಬೇರೆ ದಾರಿಗಳಿವೆ; ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ 'ಸನ್ನಿಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಹವಾಲ್ದಾರರ, ನಾಯಕರ ಟ್ರಂಕುಗಳು ಮನೆಯ ಅಟ್ಟದಲ್ಲೇ ಉಳಿಯುತ್ತವೆ. ನಮ್ಮ ಸೀಮೆಯಲ್ಲಿ ಅದೇ ಅಟ್ಟದಲ್ಲಿ ಉಂಡೆ ಕೊಬ್ಬರಿಗಾಗಿ ಎಂಟು ಹತ್ತು ತಿಂಗಳು ತೆಂಗಿನಕಾಯಿ ಕೂಡಿಟ್ಟಿರುವುದರಿಂದ ತೇವವೂ ಇಲಿಯೂ ತಪ್ಪಿದ್ದಲ್ಲ. ಬಟ್ಟೆ ಪೂರ್ಣ ಹಾಳಾಗುವ ಮೊದಲು ಕೌದಿಯಾಗಲಿ ಎಂದು ಮನೆಯವರು ಬಯಸಿದರೆ ಆಶ್ಚರ್ಯವಿಲ್ಲ.

ಬಟ್ಟೆ ಯಾರದು?

ಈ ಕೆಲಸಕ್ಕೆ ಕೈಹಾಕುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಒಂದೇ. ಅಂಗಡಿಗೆ ಬಂದ ಸಮವಸ್ತ್ರ ಯಾವ ಹಂತದಲ್ಲಿಯೂ ಅಂಗಡಿಯ ಸರಕಾಗುವುದಿಲ್ಲ. ರೈತರ ಕೊಬ್ಬರಿಯನ್ನು ಇಳಿಸಿಕೊಂಡ ಕಮಿಷನ್ ಏಜೆಂಟರು ಅದನ್ನು ತಮ್ಮ ದಾಸ್ತಾನೆಂದು ಬರೆದುಕೊಳ್ಳುವುದಿಲ್ಲವಷ್ಟೆ. ಇದೂ ಹಾಗೆಯೇ. ವ್ಯತ್ಯಾಸವೇನೆಂದರೆ, ಒಂದು ಚೀಲ ಕೊಬ್ಬರಿ ಕಳೆದರೆ ಅದೇ ದರ್ಜೆಯ ಇನ್ನೊಂದು ಚೀಲ ತಂದು ಕೊಡಬಹುದು. ಈ ಬಟ್ಟೆಗೆ ಪೇಟೆಯಲ್ಲಿ ಹತ್ತು ರೂಪಾಯಿಯೂ ಹುಟ್ಟಲಾರದು. ಹತ್ತು ಲಕ್ಷ ಕೊಟ್ಟರೂ ಇನ್ನೊಂದು ಸಿಗದು.

ಒಂದು ಉದ್ದೇಶಕ್ಕಾಗಿ ವಸ್ತುವನ್ನು ಒಪ್ಪಿಸಿ, ಆ ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ವ್ಯವಹಾರವನ್ನು 1872ರ ಭಾರತೀಯ ಕರಾರು ಅಧಿನಿಯಮವು ಬೈಲ್‌ಮೆಂಟ್ ಎಂದು ಕರೆಯುತ್ತದೆ. ಅದರ 151ನೇ ಕಲಮಿನಂತೆ, ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವನ್ನು ಹೇಗೆ ಕಾಯುವನೋ ಹಾಗೆ ಒಪ್ಪಿಸಿಕೊಂಡವನು ಕಾಯತಕ್ಕದ್ದು. ಅಷ್ಟು ಎಚ್ಚರಿಕೆ ವಹಿಸಿದ್ದರೆ, ವಿಶೇಷ ಕರಾರು ಇಲ್ಲದಿರುವಲ್ಲಿ, ಆದ ನಷ್ಟಕ್ಕೆ ಆತ ಹೊಣೆಯಲ್ಲ ಎಂದು 152ನೇ ಕಲಮು ಹೇಳುತ್ತದೆ. ಆದುದರಿಂದ "ಏನಾದರೂ ಆದರೆ ನನ್ನದೇ ಜವಾಬ್ದಾರಿ, ಚಿಂತೆ ಬೇಡಿ" ಎಂದು ಗಿರಾಕಿಯ ಸಮಾಧಾನಕ್ಕಾಗಿ ಬರೆದುಕೊಡುವ ಅಭ್ಯಾಸ ಒಳ್ಳೆಯದಲ್ಲ. ಗಿರಾಕಿಯ ಒಪ್ಪಿಗೆಯಿಲ್ಲದೆ ಅವರ ವಸ್ತುವನ್ನು ಬೇರೆ ವಸ್ತುವಿನೊಡನೆ ಬೇರ್ಪಡಿಸಲಾಗದಂತೆ ಬೆರೆಸಿದರೆ ನಷ್ಟ ತುಂಬಿಕೊಡಬೇಕೆಂಬುದು 157ನೇ ಕಲಮು. ಒಬ್ಬ ಯೋಧನ ಕೌದಿಯಲ್ಲಿ ಬಟ್ಟೆ ಸಾಲದೆ ಬಂದಾಗ ಇನ್ನೊಬ್ಬರ ತುಂಡನ್ನು ಹಚ್ಚುವವರು ಇದನ್ನು ನೆನಪಿಡಬೇಕು. ಕತ್ತರಿಸಿ ಉಳಿದ ಚೂರುಗಳೂ ಗಿರಾಕಿಯವೇ. ಚೀಲದಲ್ಲಿ ಹಾಕಿ ಹಿಂದಿರುಗಿಸಿ.

ಕೂಲಿ ಬಾರದಿದ್ದರೆ ಕೌದಿಯನ್ನು ತಡೆಹಿಡಿಯಬಹುದೇ? 170ನೇ ಕಲಮಿನಂತೆ, ಶ್ರಮ ಅಥವಾ ಕೌಶಲ ಹಾಕಿದವನಿಗೆ ಆ ಹಕ್ಕು ಉಂಟು. ಈ ಕಲಮಿಗೆ ಅಧಿನಿಯಮವೇ ಕೊಟ್ಟಿರುವ ದೃಷ್ಟಾಂತಗಳಲ್ಲಿ ಒಂದು ದರ್ಜಿಯದು: ಹೊಲಿದೊಡನೆ ಕೋಟು ಕೊಡುವೆನೆಂದೂ, ಹಣಕ್ಕೆ ಮೂರು ತಿಂಗಳ ಉದ್ದರಿ ಕೊಡುವೆನೆಂದೂ ಒಪ್ಪಿಕೊಂಡ ದರ್ಜಿಯು ಕೋಟನ್ನು ತಡೆಹಿಡಿಯಲಾರ. ಉದ್ದರಿ ಹೇಳುವ ಮೊದಲು ಯೋಚಿಸಿ. ಹಕ್ಕು ಇದ್ದರೂ, ತೀರಿಕೊಂಡವರ ಬಟ್ಟೆಯನ್ನು ಬಾಕಿಗಾಗಿ ಹಿಡಿದಿಟ್ಟ ಅಂಗಡಿಗೆ ಊರಿನಲ್ಲಿ ಯಾವ ಹೆಸರು ಬರುವುದೆಂಬುದು ಬೇರೆ ಮಾತು. ಮುಂಗಡ ಪಡೆಯುವುದೇ ಲೇಸು.

ತೆರಿಗೆಯ ಸಂಗತಿ

ಈಗ ಆ ಮೊದಲ ಪ್ರಶ್ನೆಗೆ ಬರೋಣ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ 2017ರ ಎರಡನೇ ಅನುಸೂಚಿಯ ಪ್ರಕಾರ ಮತ್ತೊಬ್ಬರ ಸರಕಿನ ಮೇಲೆ ಮಾಡುವ ಯಾವುದೇ ಸಂಸ್ಕರಣೆ ಸೇವೆಯ ಪೂರೈಕೆಯಾಗಿರುತ್ತದೆ. ಗಿರಾಕಿಯ ಸಮವಸ್ತ್ರದಿಂದ ಕೌದಿ ಹೊಲಿದುಕೊಟ್ಟರೆ ನೀವು ಕೌದಿ ಮಾರಿದಂತಲ್ಲ, ಸೇವೆ ಒದಗಿಸಿದಂತೆ. ನಿಮ್ಮದೇ ಬಟ್ಟೆಯಿಂದ ಹೊಲಿದು ಮಾರಿದರೆ ಮಾತ್ರ ಅದು ಸರಕು. ಹತ್ತಿಯ ಕೌದಿಗೆ 2025ರ ಸೆಪ್ಟೆಂಬರ್ 22ರಿಂದ ಒಂದಕ್ಕೆ ರೂ. 2,500ರವರೆಗೆ ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 18 ದರ ನಿಗದಿಯಾಯಿತು.

ಈ ವ್ಯತ್ಯಾಸ ಸಣ್ಣದೆಂದು ತಿಳಿಯಬಾರದು. ಕೇವಲ ಸರಕು ಮಾರುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವಾರ್ಷಿಕ ವಹಿವಾಟು ರೂ. 40 ಲಕ್ಷ, ಸೇವೆ ಸೇರಿತೆಂದರೆ ರೂ. 20 ಲಕ್ಷ. ಬಟ್ಟೆ ಅಂಗಡಿಯ ವ್ಯಾಪಾರ 30 ಲಕ್ಷ ಇರುವವರು ನೋಂದಣಿ ಬೇಡವೆಂದು ನಿಶ್ಚಿಂತೆಯಿಂದ ಇದ್ದು, ಪಕ್ಕದ ಕೋಣೆಯಲ್ಲಿ ಇಬ್ಬರು ಹೆಂಗಸರನ್ನು ಕೂರಿಸಿ ಇಂಥ ಕೌದಿ ಕೆಲಸ ಆರಂಭಿಸಿದರೆ ಮಿತಿಯನ್ನು ಆಗಲೇ ದಾಟಿರುತ್ತಾರೆ. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಕೆಲಸ ಬಂದರೆ ಗಾಬರಿ ಬೇಡ. ಹೊರ ರಾಜ್ಯಕ್ಕೆ ಸೇವೆ ಒದಗಿಸುವವರಿಗೂ 20 ಲಕ್ಷದ ವಿನಾಯಿತಿ ಉಂಟು. ನೋಂದಾಯಿತರು ಇನ್ನೊಂದನ್ನು ಗಮನಿಸಬೇಕು. ಸರಕಿನ ಮುಂಗಡಕ್ಕೆ ಹಣ ಬಂದಾಗಲೇ ತೆರಿಗೆ ಕೊಡಬೇಕಾಗಿಲ್ಲ. ಸೇವೆಯ ಮುಂಗಡಕ್ಕೆ ಕೊಡಬೇಕು. ಲೆಕ್ಕಪುಸ್ತಕದಲ್ಲಾದರೋ ಆ ಮುಂಗಡ ಕೆಲಸ ಮುಗಿಯುವವರೆಗೆ ಆದಾಯವಲ್ಲ, ಹೊಣೆ.

ವಿಮೆಯ ವಿಷಯ ಕೊಬ್ಬರಿ ಮಂಡಿಯವರಿಗೂ ಅನ್ವಯಿಸುತ್ತದೆ. ಸಾಮಾನ್ಯ ಅಗ್ನಿ ವಿಮಾ ಪಾಲಿಸಿಯಲ್ಲಿ, ನಂಬಿಕೆಯ ಮೇಲೆ ಇಟ್ಟುಕೊಂಡ ಪರರ ಸರಕು ಸೇರಬೇಕಾದರೆ ಅದನ್ನು ಸ್ಪಷ್ಟವಾಗಿ ನಮೂದಿಸಿರಬೇಕು. ಪಾಲಿಸಿ ತೆಗೆದು ಒಮ್ಮೆ ಓದಿ ನೋಡಿ.

ಸಮವಸ್ತ್ರಕ್ಕೆ ಇರುವ ವಿಶೇಷ ನಿರ್ಬಂಧ

ಸೈನಿಕನಲ್ಲದವನು ಸೈನಿಕನೆಂದು ನಂಬಿಸುವ ಉದ್ದೇಶದಿಂದ ಅಂಥ ಉಡುಪು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಅಪರಾಧ. ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಮನೆಯವರ ಕೌದಿಗೆ ಇದು ಅನ್ವಯಿಸದು. ಆದರೆ ಗಿರಾಕಿ ಬಿಟ್ಟುಹೋದ, ಇನ್ನೂ ತೊಡಬಹುದಾದ ಅಂಗಿಯನ್ನು ಅಂಗಡಿಯಲ್ಲಿ ನೇತುಹಾಕಬೇಡಿ, ಯಾರಿಗೂ ಕೊಡಬೇಡಿ. ಬಟ್ಟೆ ಸಾಲದಾಗ ಪೇಟೆಯಿಂದ ಅದೇ ಚಿತ್ತಾರದ ಬಟ್ಟೆ ತಂದು ಸೇರಿಸುವುದೂ ಬೇಡ. 2022ರ ಜನವರಿ 15ರಂದು ಅನಾವರಣಗೊಂಡ ಸೇನೆಯ ಹೊಸ ಯುದ್ಧ ಉಡುಪಿನ ವಿನ್ಯಾಸವನ್ನು ಸೇನೆ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡಿದೆ. ಅಂಥ ಕಡೆ ಸಾದಾ ಖಾಕಿ ಅಥವಾ ಬಿಳಿಯ ಹತ್ತಿ ಬಟ್ಟೆ ಸಾಕು; ನೋಡಲೂ ಚೆನ್ನ.

ಮೇಜರ್ ದರ್ಜೆ ಮತ್ತು ಅದಕ್ಕೂ ಮೇಲಿನ ಹಲವು ದರ್ಜೆಗಳವರ ಭುಜಚಿಹ್ನೆಗಳಲ್ಲಿ ಅಶೋಕ ಸಿಂಹಗಳ ಲಾಂಛನ ಇರುತ್ತದೆ. 2005ರ ರಾಷ್ಟ್ರ ಲಾಂಛನ ಅಧಿನಿಯಮ ವ್ಯಾಪಾರಕ್ಕಾಗಿ ಲಾಂಛನವನ್ನು ಅನುಮತಿಯಿಲ್ಲದೆ ಬಳಸುವುದನ್ನು ನಿಷೇಧಿಸಿದೆ. ತೋಳಿನ ಮೇಲಿನ ರಾಷ್ಟ್ರಧ್ವಜದ ಪಟ್ಟಿಯೂ ಹಾಗೆಯೇ. ಮೆತ್ತೆ, ಕರವಸ್ತ್ರಗಳ ಮೇಲೆ ಧ್ವಜವನ್ನು ಕಸೂತಿ ಹಾಕುವುದು, ಮುದ್ರಿಸುವುದು 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಅಧಿನಿಯಮದಲ್ಲಿ ಅಪಮಾನವೆಂದೇ ಪರಿಗಣಿತ. ಕೌದಿಯ ಹೆಸರು ಅಲ್ಲಿಲ್ಲವೆಂದು ವಾದಿಸಬಹುದಾದರೂ ಅಂಥ ವಾದದ ಪ್ರಸಂಗವೇ ಬೇಡ. ಪಟ್ಟಿ, ಗುಂಡಿ, ಪದಕದ ರಿಬ್ಬನ್ ಎಲ್ಲವನ್ನೂ ಬಿಡಿಸಿ, ಲಕೋಟೆಯಲ್ಲಿ ಹಾಕಿ, ಎಣಿಸಿ ಹಿಂದಿರುಗಿಸುವುದೇ ಸರಿ.

ಕೆಲಸ ಮತ್ತು ಕೂಲಿ

ಹೊಲಿಗೆಯ ಮಾತು ನನ್ನ ವೃತ್ತಿಗೆ ಹೊರಗಿನದು. ಆದರೂ ಕೂಲಿಯ ಲೆಕ್ಕ ಹಾಕಲು ಕೆಲಸಗಾರರನ್ನು ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ. ಸೇನೆಯ ಟ್ರಂಕಿನಲ್ಲಿ ಒಂದೇ ಬಗೆಯ ಬಟ್ಟೆ ಇರುವುದಿಲ್ಲ. ಹತ್ತಿಯ ಹಸಿರು ಅಂಗಿ, ಪಾಲಿಯೆಸ್ಟರ್ ಬೆರೆತ ಚಿತ್ತಾರದ ಉಡುಪು, ಚಳಿಗಾಲದ ಅಂಗೋಲಾ ಷರಟು, ಉಣ್ಣೆಯ ಜೆರ್ಸಿ ಇವು ನೀರಿಗೆ ಬಿದ್ದಾಗ ಒಂದೊಂದು ಒಂದೊಂದು ರೀತಿ ಕುಗ್ಗುತ್ತವೆ. ಬಿಡಿಯಾಗಿ ತೊಳೆದು ಒಣಗಿಸದೆ ಜೋಡಿಸಿದರೆ ಮೊದಲ ಒಗೆತಕ್ಕೇ ಕೌದಿ ಸುಕ್ಕುಗಟ್ಟುತ್ತದೆ. ಗಂಜಿ ಹಾಕಿ ಮಡಚಿಟ್ಟ ಅಂಗಿ ಮಡಿಕೆಯ ಗೆರೆಯಲ್ಲೇ ಹರಿಯುತ್ತದೆ. ಗಂಜಿಗೆ ಹುಳುವೂ ಬರುತ್ತದೆ. ಅದನ್ನು ತಣ್ಣೀರಿನಲ್ಲಿ ನೆನೆಹಾಕಿ ಬಿಡಿಸಿ, ಸವೆದ ಕಡೆ ಒಳಗೆ ತೆಳು ಹತ್ತಿಬಟ್ಟೆ ಕೊಟ್ಟು ಹೊಲಿಯಬೇಕು. ತೊಳೆಯುವ ಮೊದಲು ಮನೆಯವರನ್ನು ಕೇಳಲೇಬೇಕು. ಕಾಲರಿನ ಬೆವರಿನ ಕಲೆ ನಮಗೆ ಕೊಳೆ. ಅದೇ ಇರಲಿ ಎನ್ನುವವರೂ ಇದ್ದಾರೆ. ಜೇಬುಗಳನ್ನು ಗಿರಾಕಿಯ ಎದುರಿನಲ್ಲೇ ನೋಡಿ. ಕಾಗದ, ಫೋಟೋ ಸಿಗುವುದುಂಟು.

ಲೆಕ್ಕಕ್ಕಾಗಿ ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಒಂದು ಕೌದಿ ಎಂದಿಟ್ಟುಕೊಳ್ಳೋಣ. ಕೈಹೊಲಿಗೆ 70 ಗಂಟೆ. ಬಿಡಿಸುವುದು, ತೊಳೆಯುವುದು, ಕತ್ತರಿಸುವುದು 12 ಗಂಟೆ. ಗಂಟೆಗೆ 60 ರೂಪಾಯಿಯಂತೆ ಕೂಲಿಯೇ ರೂ. 4,920. ಅಸ್ತರಿಗೆ ಐದು ಮೀಟರ್ ಬಟ್ಟೆ ರೂ. 600, ನೂಲು ಹಾಗೂ ಒಳಬಟ್ಟೆ ರೂ. 350, ಬಾಡಿಗೆ ಮತ್ತು ವಿದ್ಯುತ್ತಿನ ಪಾಲು ರೂ. 400. ಒಟ್ಟು ರೂ. 6,270. ಇದರ ಮೇಲೆ ಶೇ. 15 ಲಾಭ ಹಿಡಿದರೆ ರೂ. 7,200ರ ಆಸುಪಾಸು. ನಮ್ಮ ಕಕ್ಷಿದಾರರು ಸೀರೆ ಕೌದಿಯ ರೂಢಿಯಂತೆ ರೂ. 1,500 ಹೇಳಿಬಿಟ್ಟಿದ್ದರು. ಗಿರಾಕಿಯ ಬಟ್ಟೆಯಾದ್ದರಿಂದ ಖರ್ಚಿಲ್ಲವೆಂಬ ಭಾವನೆ ಅವರದು. ವಾಸ್ತವದಲ್ಲಿ ಹೊಸ ಬಟ್ಟೆಗಿಂತ ಹಳೆಯ ಸಮವಸ್ತ್ರಕ್ಕೇ ಹೆಚ್ಚು ಕೈಕೆಲಸ ಹಿಡಿಯುತ್ತದೆ.

ಅವರು ಎರಡನೆಯ ಬಾರಿ ಬಂದ ಕಾರಣ

ಒಂದು ಷರಟನ್ನು ಕತ್ತರಿಸಿ ಆಗಿತ್ತು. ಆ ವೇಳೆಗೆ ತೀರಿಕೊಂಡವರ ತಾಯಿ, ವಯಸ್ಸಾದ ಹೆಂಗಸು, ಮೊಮ್ಮಗನನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದು, "ನನ್ನ ಮಗನ ಅಂಗಿ ಎಲ್ಲಪ್ಪಾ, ಕೊಡು" ಎಂದು ಅಂಗಡಿಯ ಮುಂದೆ ಕುಳಿತರಂತೆ. ಸೊಸೆ ಅವರನ್ನು ಕೇಳಿರಲಿಲ್ಲ. ದರ್ಜಿಯೂ ಕೇಳಿರಲಿಲ್ಲ. ಕೇಳಬೇಕೆಂದು ಅವರಿಗೆ ಹೇಗೆ ಹೊಳೆಯಬೇಕು? ಮೊದಲ ಸಲ ಬಿಲ್ಲಿನ ಬಗ್ಗೆ ಸಲಹೆ ಕೊಟ್ಟ ನನಗೂ ಹೊಳೆದಿರಲಿಲ್ಲ.

ಆದರೆ ಕಾನೂನು ಸ್ಪಷ್ಟವಾಗಿದೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ಉಯಿಲು ಬರೆಯದೆ ತೀರಿಕೊಂಡ ಪುರುಷನ ಒಂದನೇ ವರ್ಗದ ವಾರಸುದಾರರಲ್ಲಿ ಹೆಂಡತಿ, ಮಕ್ಕಳ ಜೊತೆಗೆ ತಾಯಿಯೂ ಇದ್ದಾಳೆ. ಟ್ರಂಕು ತಂದವರು ಒಬ್ಬರಾದರೂ ಅದರೊಳಗಿನದು ಎಲ್ಲರದು. ಹೊಲಿಗೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಗಿರಾಕಿ ದೂರು ಕೊಡಬಹುದು. ಪರಿಹಾರವನ್ನು ಬಟ್ಟೆಯ ಬೆಲೆಯಿಂದಲೇ ಅಳೆಯುವರೆಂಬ ಭರವಸೆ ಇಲ್ಲ. ಇಲ್ಲಿ ಹೊಲಿಗೆಯಲ್ಲಿ ಲೋಪವೇನೂ ಆಗಿರಲಿಲ್ಲ. ಕತ್ತರಿಸಿದ್ದನ್ನು ಮರಳಿ ಅಂಗಿ ಮಾಡುವುದು ಸಾಧ್ಯವಿರಲಿಲ್ಲ, ಅಷ್ಟೇ.

ಅತ್ತೆ ಸೊಸೆಯರನ್ನು ಒಟ್ಟಿಗೆ ಕೂರಿಸಿ ಮಾತನಾಡಿ ಎಂದೆ. ಅದೃಷ್ಟಕ್ಕೆ ಅಂಗಡಿಯವರು ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಬಿಡಿಸಿ ಲಕೋಟೆಯಲ್ಲಿ ಇಟ್ಟಿದ್ದರು. ಕತ್ತರಿಸದೆ ಉಳಿದಿದ್ದ ಒಂದು ಅಂಗಿಗೆ ಅದನ್ನು ಮತ್ತೆ ಹೊಲಿದು ತಾಯಿಗೆ ಕೊಟ್ಟರು. ಮಿಕ್ಕ ಬಟ್ಟೆಯಲ್ಲಿ, ಮೊದಲು ಹೇಳಿದ್ದಕ್ಕಿಂತ ಚಿಕ್ಕದಾದ ಕೌದಿ ಆಯಿತು. ಬಿಲ್ಲು ಹೊಲಿಗೆ ಕೂಲಿಯೆಂದೇ, ಹೇಳಿದ್ದ 1,500 ರೂಪಾಯಿಗೇ ಬರೆದರು; ನಷ್ಟ ಅಂಗಡಿಯದು.

ಆಮೇಲೆ ಅವರು ರಸೀದಿ ಪುಸ್ತಕ ಬದಲಾಯಿಸಿದರು. ಬಟ್ಟೆಗಳ ಪಟ್ಟಿ, ಕತ್ತರಿಸುವ ಮೊದಲು ತೆಗೆದ ಫೋಟೋಗಳ ಸಂಖ್ಯೆ, ತೊಳೆಯಬೇಕೋ ಬೇಡವೋ, ಹಿಂದಿರುಗಿಸಬೇಕಾದ ಪಟ್ಟಿ ಗುಂಡಿಗಳ ಎಣಿಕೆ, ಒಪ್ಪಿದ ಕೂಲಿ, ಮುಂಗಡ ಇವುಗಳ ಜೊತೆಗೆ ಕುಟುಂಬದ ಪ್ರಾಪ್ತ ವಯಸ್ಕ ವಾರಸುದಾರರೆಲ್ಲರ ಸಹಿಗೆ ಅದರಲ್ಲಿ ಜಾಗವಿದೆ. ಸಹಿಗಳೆಲ್ಲ ಬಂದು ಏಳು ದಿನ ಕಳೆಯುವವರೆಗೆ ಕತ್ತರಿ ಹಾಕುವುದಿಲ್ಲವೆಂಬ ಸಾಲನ್ನು ಅವರೇ ಸೇರಿಸಿದ್ದಾರೆ. ಆ ರಸೀದಿಯ ನಮೂನೆ ಬೇಕಾದ ಸದಸ್ಯರು ನಮ್ಮ ಕಚೇರಿಯಲ್ಲಿ ಕೇಳಿ ಪಡೆಯಬಹುದು.