ಮೀನಿಗಿಂತ ಹಾರ್ನ್ ಜೋರು

ಹೊನ್ನಾವರದ ಓದುಗರೊಬ್ಬರು ಹೆಸರು ಹಾಕದೆ ಕಾಗದ ಬರೆದಿದ್ದಾರೆ. ಮದುವೆಯಾಗಿ ಆರು ವರ್ಷ. ಮನೆಮಂದಿ ಮಲಗಿದ ಮೇಲೆ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡುವ ಚಟ. ‘ಈಗ ಅದರಲ್ಲಿ ಖುಷಿಯೂ ಇಲ್ಲ, ಬಿಡಲಿಕ್ಕೂ ಆಗುವುದಿಲ್ಲ. ಖುಷಿ ಕೊಡದ್ದನ್ನು ಮಿದುಳು ಯಾಕೆ ಬೇಡುತ್ತದೆ?’ ಎಂದು ಕೇಳಿದ್ದಾರೆ.

ಮಿದುಳು ವಿಜ್ಞಾನಿಗಳು ಹಲವು ದಶಕ ಗುದ್ದಾಡಿದ ಪ್ರಶ್ನೆಯೇ ಇದು. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಉತ್ತರ ಮಾತ್ರ ತಪ್ಪು. ಡೋಪಮಿನ್ ಎಂದರೆ ‘ಖುಷಿಯ ರಾಸಾಯನಿಕ’ ಎಂದು ಅಲ್ಲಿ ಹೇಳುತ್ತಾರೆ. ಹಾಗಿದ್ದರೆ ಖುಷಿ ಮುಗಿದ ದಿನವೇ ಚಟವೂ ಮುಗಿಯಬೇಕಿತ್ತಲ್ಲ?

ನಮ್ಮ ಕರಾವಳಿಯ ಬೆಕ್ಕನ್ನು ನೋಡಿ. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮೀನು ಮಾರುವವನು ಬೆಳಿಗ್ಗೆ ಕೇರಿಯಲ್ಲಿ ಪೊಂ ಪೊಂ ಎನ್ನಿಸುತ್ತಾನೆ. ಮರಿಯಾಗಿದ್ದಾಗ ಬೆಕ್ಕಿಗೆ ಆ ಸದ್ದು ಏನೂ ಅಲ್ಲ, ಬಾಯಿಗೆ ತಾರ್ಲೆಯ ತಲೆ ಸಿಕ್ಕಾಗಲೇ ಸಂಭ್ರಮ. ತಿಂಗಳು ಕಳೆಯುವುದರೊಳಗೆ ಸಂಭ್ರಮ ಹಾರ್ನಿಗೇ ಅಂಟಿಕೊಳ್ಳುತ್ತದೆ. ಬೈಕು ಇನ್ನೂ ತಿರುವಿನಲ್ಲಿರುವಾಗಲೇ ಬೆಕ್ಕು ದಣಪೆಯ ಹತ್ತಿರ ಬಾಲ ನಿಮಿರಿಸಿ ನಿಂತಿರುತ್ತದೆ. ವೋಲ್ಫ್ರಾಂ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮಿದುಳಿನಲ್ಲಿ ಕಂಡದ್ದೂ ಇದನ್ನೇ. ದೀಪ ಹೊತ್ತಿದ ಮೇಲೆ ಮಂಗಕ್ಕೆ ಒಂದು ಗುಟುಕು ಹಣ್ಣಿನ ರಸ. ಮೊದಮೊದಲು ಡೋಪಮಿನ್ ಕೋಶಗಳು ರಸ ಸಿಕ್ಕಾಗ ಮಿಡಿದವು. ಅಭ್ಯಾಸವಾದ ಮೇಲೆ ದೀಪ ಕಂಡಾಗ ಮಿಡಿದವು, ರಸ ಬಂದಾಗ ಸುಮ್ಮನಿದ್ದವು. ದೀಪ ಹೊತ್ತಿಯೂ ರಸ ಬಾರದಿದ್ದರೆ ಮಿಡಿತ ಮಾಮೂಲಿಗಿಂತ ಕೆಳಗೆ ಬಿತ್ತು. ಅವರ ಈ ಕುರಿತ ಪ್ರಸಿದ್ಧ ಲೇಖನ 1997ರದು. 2003ರಲ್ಲಿ ಅವರ ತಂಡ ಇನ್ನೊಂದು ಸಂಗತಿ ತೋರಿಸಿತು. ರಸ ಸಿಕ್ಕೀತೋ ಇಲ್ಲವೋ ಎಂಬುದು ಅರ್ಧಕ್ಕರ್ಧ ಅನುಮಾನವಿದ್ದಾಗ, ಕಾಯುವಷ್ಟು ಹೊತ್ತೂ ಆ ಕೋಶಗಳು ಏರುತ್ತಲೇ ಹೋಗುತ್ತವೆ. ಇವತ್ತು ಬರೀ ತಾರ್ಲೆ, ನಾಳೆ ಬಂಗುಡೆ, ನಾಡಿದ್ದು ಏನೂ ಇಲ್ಲ ಎನ್ನುವ ಕೇರಿಯಲ್ಲಿ ಬೆಕ್ಕು ದಣಪೆ ಬಿಟ್ಟು ಕದಲುವುದಿಲ್ಲ.

ಮೊಬೈಲು ಮುಗಿಯದ ಮೀನಿನ ಪೆಟ್ಟಿಗೆ. ಬೆರಳಾಡಿಸಿದಷ್ಟೂ ಹೊಸ ಮುಖ, ಹೊಸ ದೃಶ್ಯ. ಮುಂದಿನದು ಇದಕ್ಕಿಂತ ಚೆನ್ನಾಗಿರಬಹುದು ಎಂಬ ನಿರೀಕ್ಷೆ ತೀರುವುದೇ ಇಲ್ಲ. ಹಾರ್ನು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ಹಾಸಿಗೆ ಮತ್ತು ಕತ್ತಲೆ, ಕೆಲವರಿಗೆ ಜಗಳದ ನಂತರದ ಬೇಸರ. ಭಟ್ಕಳದಿಂದ ದುಬೈಗೋ ಕುಮಟಾದಿಂದ ಬೆಂಗಳೂರಿನ ಹೋಟೆಲಿಗೋ ದುಡಿಯಲು ಹೋದವನಿಗೆ ಬಾಡಿಗೆ ಕೋಣೆಯ ಒಂಟಿತನವೇ ಹಾರ್ನ್ ಆಗಬಹುದು.

ಡೋಪಮಿನ್ ಪತ್ತೆಯಾದ ಕತೆಗೆ ನಮ್ಮ ಘಟ್ಟದ ಎರಡು ಗಿಡಗಳ ನಂಟಿದೆ ಎಂಬುದು ನನಗೆ ಬಹಳ ಮೆಚ್ಚಿಗೆಯ ವಿಷಯ. 1950ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಆರ್ವಿದ್ ಕಾರ್ಲ್ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಅದು ನಮ್ಮ ಸರ್ಪಗಂಧದ ಬೇರಿನಿಂದ ತೆಗೆದ ಔಷಧ. ಮೊಲಗಳು ಕಿವಿ ಜೋತುಬಿಟ್ಟು ಅಲ್ಲಾಡದೆ ಬಿದ್ದವು. ಆಮೇಲೆ ಎಲ್-ಡೋಪಾ ಚುಚ್ಚಿದರು. ಮುಟ್ಟಿದರೆ ಮೈಯೆಲ್ಲ ತುರಿಸುವ ನಮ್ಮ ನಸುಗುನ್ನಿಯ ಬೀಜದಲ್ಲಿ ಧಾರಾಳವಾಗಿರುವ ವಸ್ತು ಅದು, ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮೊಲಗಳು ಎದ್ದು ಓಡಾಡಿದವು. ಈ ಶೋಧಕ್ಕೆ ಕಾರ್ಲ್ಸನ್‌ರಿಗೆ 2000ದಲ್ಲಿ ನೊಬೆಲ್ ಬಂತು. ಈಗ ‘ಡೋಪಮಿನ್ ಉಪವಾಸ’ ಮಾಡಿಸುತ್ತೇವೆ ಎಂದು ದುಡ್ಡು ಕೇಳುವವರಿದ್ದಾರೆ. ಡೋಪಮಿನ್ ಇಲ್ಲದೆ ಹಾಸಿಗೆಯಿಂದ ಏಳಲೂ ಆಗದು ಎಂಬುದನ್ನು ಆ ಮೊಲಗಳು ಆಗಲೇ ತೋರಿಸಿದ್ದವು. ದಯವಿಟ್ಟು ಮೋಸಹೋಗಬೇಡಿ.

ಇನ್ನು ಖುಷಿಯ ಮಾತು. ಅಮೆರಿಕದ ವಿಜ್ಞಾನಿ ಕೆಂಟ್ ಬೆರಿಜ್ ಇಲಿಗಳ ಮಿದುಳಿನಲ್ಲಿ ಡೋಪಮಿನ್ ಹೆಚ್ಚುಕಡಿಮೆ ಬರಿದು ಮಾಡಿ ನೋಡಿದರು. ಇಲಿಗಳು ಆಹಾರದ ಬಳಿಗೆ ಹೋಗಲೇ ಇಲ್ಲ. ಆದರೆ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ ಮೊದಲಿನಂತೆಯೇ ಚಪ್ಪರಿಸಿದವು. ಅಂದರೆ ‘ಬೇಕು’ ಬೇರೆ, ‘ಹಿತ’ ಬೇರೆ. ಡೋಪಮಿನ್ ನಡೆಸುವುದು ‘ಬೇಕು’ ಎಂಬುದನ್ನು. 2014ರಲ್ಲಿ ಕೇಂಬ್ರಿಜ್‌ನ ವ್ಯಾಲೆರಿ ವೂನ್ ತಂಡ ಇಂಥ ಗೀಳಿದ್ದ 19 ಗಂಡಸರನ್ನು ಸ್ಕ್ಯಾನ್ ಮಾಡಿದಾಗಲೂ ಉತ್ತರ ಹೀಗೇ ಬಂತು. ಲೈಂಗಿಕ ದೃಶ್ಯ ಕಂಡಾಗ ಅವರ ಬಯಕೆ ಇತರರಿಗಿಂತ ಹೆಚ್ಚಿತ್ತು, ಮೆಚ್ಚುಗೆ ಮಾತ್ರ ಹೆಚ್ಚಿರಲಿಲ್ಲ. ಹೊನ್ನಾವರದ ಸ್ನೇಹಿತರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು. ನೀವು ಕಲ್ಪಿಸಿಕೊಂಡದ್ದಲ್ಲ.

ಇದಕ್ಕಿಂತ ಗಟ್ಟಿ ಸಾಕ್ಷ್ಯ ಪಾರ್ಕಿನ್ಸನ್ ಕಾಯಿಲೆಯವರಲ್ಲಿದೆ. ಡೋಪಮಿನ್ನಿನಂತೆ ಕೆಲಸ ಮಾಡುವ ಪ್ರಾಮಿಪೆಕ್ಸೋಲ್‌ನಂಥ ಮಾತ್ರೆ ಸೇವಿಸಿದ ಕೆಲವರಿಗೆ, ಹಿಂದೆಂದೂ ಇಲ್ಲದ ಜೂಜಿನ ಹುಚ್ಚೋ ಲೈಂಗಿಕ ಗೀಳೋ ಹತ್ತಿಕೊಳ್ಳುತ್ತದೆ. ವೈದ್ಯರು ಮಾತ್ರೆ ತಗ್ಗಿಸಿದರೆ ಹೆಚ್ಚಿನವರಲ್ಲಿ ಅದು ಇಳಿಯುತ್ತದೆ.

‘ಮಿದುಳೇ ಸವೆದುಹೋಗುತ್ತದೆ’ ಎಂದು ಹೆದರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಎತ್ತಿ ಹೇಳುವುದು 2014ರ ಬರ್ಲಿನ್ ಅಧ್ಯಯನವನ್ನು. 64 ಗಂಡಸರಲ್ಲಿ, ಹೆಚ್ಚು ಹೊತ್ತು ನೋಡುವವರ ಮಿದುಳಿನ ಒಂದು ಭಾಗ ತುಸು ಚಿಕ್ಕದಿತ್ತು. ನೋಡಿದ್ದರಿಂದ ಚಿಕ್ಕದಾಯಿತೋ, ಚಿಕ್ಕದಿದ್ದುದರಿಂದ ಹೆಚ್ಚು ನೋಡಿದರೋ ಹೇಳಲಾಗದು ಎಂದು ಅಧ್ಯಯನ ಮಾಡಿದವರೇ ಬರೆದಿದ್ದಾರೆ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಈ ಚಟವನ್ನು ಹೆಂಡ, ಜೂಜಿನ ಸಾಲಿಗೆ ಸೇರಿಸಿಲ್ಲ. ಹಿಡಿತ ತಪ್ಪಿದ ಲೈಂಗಿಕ ನಡವಳಿಕೆ ಎಂದು ಬೇರೆ ಗುಂಪಿನಲ್ಲಿ ಇಟ್ಟಿದೆ. ‘ಪಾಪ ಮಾಡಿದೆ’ ಎಂಬ ಸಂಕಟ ಒಂದೇ ಇದ್ದರೆ ಅದು ಕಾಯಿಲೆಯಲ್ಲ ಎಂದೂ ಅದು ಹೇಳುತ್ತದೆ. ಕೆಲಸ, ನಿದ್ದೆ, ಸಂಸಾರ ಹಾಳಾಗುತ್ತಿದ್ದರೂ ತಿಂಗಳುಗಟ್ಟಲೆ ನಿಲ್ಲಿಸಲಾಗದಿದ್ದರೆ ಅದು ಕಾಯಿಲೆ.

ಆದ್ದರಿಂದ ಮೊದಲು ಹಾರ್ನ್ ಹುಡುಕಿ. ರಾತ್ರಿ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗಿಡಿ. ಹೆಂಡತಿಗೆ ಹೇಳುವ ಧೈರ್ಯ ಬಂದರೆ ಹೇಳಿ. ಹಾರ್ನಿಗೂ ಕೈಗೂ ನಡುವಿನ ಅಂಟು ಬಿಡಿಸುವ ಮನೋಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಇಂಟರ್ನೆಟ್ ಗೀಳಿಗೆಂದೇ ‘ಶಟ್’ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದವರು ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ವಿಚಾರಿಸಿ. ಅದೂ ಸಂಕೋಚವೆನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.