ಬಳಸಿದ ದೋಣಿಯ ಪೂರ್ವಪರಿಶೀಲನೆ

ಬಳಸಿದ ದೋಣಿಯ ಪೂರ್ವಪರಿಶೀಲನೆ ಎಂದರೆ ಈಗಾಗಲೇ ಬಳಕೆಯಲ್ಲಿದ್ದ ದೋಣಿಯನ್ನು ಕೊಳ್ಳುವ ಮೊದಲು ಅದರ ಒಡೆತನ, ನೋಂದಣಿ, ಸಾಲ ಮತ್ತು ಅಪಘಾತಗಳ ಇತಿಹಾಸವನ್ನೂ ಒಡಲು, ಎಂಜಿನ್ ಹಾಗೂ ಸುರಕ್ಷಾ ಸಾಧನಗಳ ಸ್ಥಿತಿಯನ್ನೂ ಪರೀಕ್ಷಿಸುವ ಕ್ರಮ. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ ಮತ್ತು ಕಾರವಾರದಂತಹ ಬಂದರುಗಳ ಮೀನುಗಾರಿಕಾ ಬೋಟುಗಳಿಗೆ ಸಂಬಂಧಿಸಿದೆ. ಕಾವೇರಿ, ಕಬಿನಿ ಮೊದಲಾದ ನದಿಗಳ ಹರಿಗೋಲು ಮತ್ತು ಸಣ್ಣ ದೋಣಿಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ದಾಖಲೆಯ ಪರಿಶೀಲನೆ ಮತ್ತು ದೋಣಿಯ ಪರೀಕ್ಷೆ ಒಂದಕ್ಕೊಂದು ಪೂರಕವಾಗಿದ್ದು, ಒಂದನ್ನು ಮಾಡಿ ಇನ್ನೊಂದನ್ನು ಕೈಬಿಟ್ಟರೆ ಪರಿಶೀಲನೆ ಅಪೂರ್ಣವಾಗುತ್ತದೆ.

ಕಾನೂನಿನ ಹಿನ್ನೆಲೆ

ಭಾರತದಲ್ಲಿ ದೋಣಿಯ ಮಾರಾಟಕ್ಕೆ 1930ರ ಸರಕು ಮಾರಾಟ ಕಾಯ್ದೆ ಅನ್ವಯಿಸುತ್ತದೆ. ಸರಕನ್ನು ಮಾರುವ ಹಕ್ಕು ತನಗಿದೆ ಎಂಬ ಷರತ್ತಿಗೆ ಮಾರಾಟಗಾರನು ಸಾಮಾನ್ಯವಾಗಿ ಬದ್ಧನಾಗಿರುತ್ತಾನೆ. ಆದರೆ ಸರಕಿನ ಗುಣಮಟ್ಟದ ವಿಷಯದಲ್ಲಿ ಎಚ್ಚರ ವಹಿಸುವ ಹೊಣೆ ಬಹುಮಟ್ಟಿಗೆ ಕೊಳ್ಳುವವನದೇ ಆಗಿದೆ. ಅಂತಹ ಸರಕಿನ ವ್ಯಾಪಾರಿಯಿಂದ ಕೊಂಡಾಗ ಕೆಲವು ರಕ್ಷಣೆಗಳಿವೆಯಾದರೂ, ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಆ ರಕ್ಷಣೆ ದೊರೆಯುವುದಿಲ್ಲ. ಆದುದರಿಂದ ಮೇಲುಮೇಲಿನ ಪರೀಕ್ಷೆಯಿಂದ ಕೊಳ್ಳುವವನಿಗೆ ನಷ್ಟವೇ ಹೆಚ್ಚು.

ದಾಖಲೆಗಳ ಪರಿಶೀಲನೆ

ಮೀನುಗಾರಿಕಾ ಬೋಟುಗಳ ನೋಂದಣಿಯು ಬಹುಕಾಲ 1958ರ ವಾಣಿಜ್ಯ ನೌಕಾಯಾನ ಕಾಯ್ದೆಯಡಿ ನಡೆದುಬಂದಿದೆ. ಅದರ ಸ್ಥಾನದಲ್ಲಿ 2025ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಮೀನು ಹಿಡಿಯುವ ಪರವಾನಗಿಗೆ 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ ಆಧಾರ. ನೋಂದಣಿ ಮತ್ತು ಪರವಾನಗಿ ಬೇರೆ ಬೇರೆಯಾದುದರಿಂದ ಎರಡನ್ನೂ ನೋಡಬೇಕಾಗುತ್ತದೆ. ‘ರಿಯಲ್‌ಕ್ರಾಫ್ಟ್’ ಎಂಬ ಅಂತರಜಾಲ ವ್ಯವಸ್ಥೆಯ ಮೂಲಕ ನೋಂದಣಿ, ಪರವಾನಗಿ ಹಾಗೂ ಒಡೆತನದ ವರ್ಗಾವಣೆಯ ಕೆಲಸಗಳು ನಡೆಯುತ್ತವೆ.

ಸಾಮಾನ್ಯವಾಗಿ ಪರಿಶೀಲಿಸುವ ಅಂಶಗಳು ಇವು:

• ನೋಂದಣಿ ಪ್ರಮಾಣಪತ್ರದಲ್ಲಿರುವ ಹೆಸರು ಮತ್ತು ಮಾರಾಟಗಾರನ ಗುರುತು ಒಂದೇ ಆಗಿವೆಯೇ ಎಂಬುದು. ಬೋಟು ಪಾಲುದಾರಿಕೆಯದಾಗಿದ್ದರೆ ಎಲ್ಲ ಪಾಲುದಾರರ ಒಪ್ಪಿಗೆ ಅಗತ್ಯ.
• ಬೋಟಿನ ಮೇಲೆ ಬರೆದಿರುವ, ‘ಐಎನ್‌ಡಿ–ಕೆಎ’ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಪ್ರಮಾಣಪತ್ರಕ್ಕೆ ಹೊಂದುತ್ತದೆಯೇ ಎಂಬುದು.
• ಉದ್ದ, ಅಗಲ, ಕಟ್ಟಿದ ವರ್ಷ, ಎಂಜಿನ್ನಿನ ಕ್ರಮಸಂಖ್ಯೆ ಮತ್ತು ಅಶ್ವಶಕ್ತಿ. ಎಂಜಿನ್ ಬದಲಾಗಿದ್ದರೆ ಆ ಬದಲಾವಣೆ ದಾಖಲಾಗಿರಬೇಕು.
• ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲಕ್ಕೆ ಬೋಟು ಅಡಮಾನವಾಗಿದೆಯೇ ಎಂಬುದು. ಸಾಲ ತೀರಿದ್ದರೆ ಸಂಸ್ಥೆಯ ಋಣಮುಕ್ತಿ ಪತ್ರ.
• ವಿಮೆಯ ಪತ್ರ ಹಾಗೂ ಹಿಂದಿನ ವಿಮಾ ಪರಿಹಾರಗಳ ವಿವರ. ಮುಳುಗಿ ಮೇಲೆತ್ತಿದ ಅಥವಾ ಬಂಡೆಗೆ ಬಡಿದ ಬೋಟಿನ ಸುಳಿವು ಹೆಚ್ಚಾಗಿ ಇಲ್ಲಿ ಸಿಗುತ್ತದೆ.
• ಬೋಟು ಕೇರಳ, ಗೋವಾ ಮೊದಲಾದ ರಾಜ್ಯಗಳದಾಗಿದ್ದರೆ ಮೂಲ ನೋಂದಣಿಯ ಈಗಿನ ಸ್ಥಿತಿ.

ಹಣ ಕೊಟ್ಟು ಬೋಟನ್ನು ಪಡೆದರೂ ನೋಂದಣಿ ವರ್ಗಾವಣೆಯಾಗದಿದ್ದರೆ ದಾಖಲೆಯಲ್ಲಿ ಹಳೆಯ ಮಾಲೀಕನೇ ಉಳಿಯುತ್ತಾನೆ. 2008ರ ನವೆಂಬರ್‌ನ ಮುಂಬೈ ದಾಳಿಯಲ್ಲಿ ಉಗ್ರರು ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು ಬಳಸಿದ್ದರು. ಅನಂತರ ಕರಾವಳಿ ರಾಜ್ಯಗಳಲ್ಲಿ ಬೋಟುಗಳ ನೋಂದಣಿ ಮತ್ತು ಗುರುತಿನ ಕ್ರಮಗಳು ಬಿಗಿಯಾದವು. ಆದುದರಿಂದ ವರ್ಗಾವಣೆಯನ್ನು ಪೂರ್ಣಗೊಳಿಸುವುದು ಮಾರುವವನಿಗೂ ಕೊಳ್ಳುವವನಿಗೂ ಹಿತಕರ.

ಒಡಲಿನ ಪರೀಕ್ಷೆ

ನೀರಿನಲ್ಲಿ ತೇಲುತ್ತಿರುವ ದೋಣಿಯ ತಳ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ದಡಕ್ಕೆ ಎಳೆದ ಸ್ಥಿತಿಯಲ್ಲಿಯೂ ಪರೀಕ್ಷೆ ನಡೆಯಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ದುರಸ್ತಿಗಾಗಿ ಅನೇಕ ಬೋಟುಗಳನ್ನು ದಡಕ್ಕೇರಿಸುವ ಈ ಅವಧಿ ತಳಪರೀಕ್ಷೆಗೆ ಅನುಕೂಲಕರ. ಹೊಸದಾಗಿ ಬಣ್ಣ ಬಳಿದ ಭಾಗಗಳನ್ನು ವಿಶೇಷವಾಗಿ ಗಮನಿಸಲಾಗುತ್ತದೆ.

ಮರದ ಒಡಲು: ಕಡಲಿನ ನೀರಿನಲ್ಲಿ ಮರ ಕೊರೆಯುವ ಜೀವಿಗಳು ಸಣ್ಣ ರಂಧ್ರದ ಮೂಲಕ ಒಳಹೊಕ್ಕು ಒಳಭಾಗವನ್ನು ಟೊಳ್ಳಾಗಿಸುತ್ತವೆ. ಹೊರಮೈ ಗಟ್ಟಿಯಾಗಿ ಕಂಡರೂ ಚೂಪಾದ ಸಲಕರಣೆಯಿಂದ ಚುಚ್ಚಿದಾಗ ಮೆತ್ತಗಿದ್ದರೆ ಮರ ಕೆಟ್ಟಿದೆ ಎಂದರ್ಥ. ಮೊಳೆ, ಬೋಲ್ಟುಗಳ ಸುತ್ತ ತುಕ್ಕಿನ ಕಲೆಯಿದೆಯೇ ಎಂದು ನೋಡಬೇಕು. ಬಹುದಿನ ದಡದಲ್ಲಿದ್ದ ದೋಣಿಯ ಹಲಗೆಗಳು ಒಣಗಿ ಸಂದು ಬಿಡುವುದು ಸಹಜ. ನೀರಿಗಿಳಿದ ಮೇಲೆ ಅವು ಉಬ್ಬಿ ಕೂಡಿಕೊಳ್ಳಬಹುದು. ಆದ್ದರಿಂದ ಸಂದನ್ನು ಕಂಡ ಮಾತ್ರಕ್ಕೆ ದೋಷವೆಂದು ತೀರ್ಮಾನಿಸುವಂತಿಲ್ಲ. ಮರದ ಮೇಲೆ ಫೈಬರ್ ಹೊದಿಸಿದ ಬೋಟುಗಳಲ್ಲಿ ಒಳಗಿನ ಕೊಳೆತ ಮರೆಯಾಗಿರುವ ಸಾಧ್ಯತೆ ಹೆಚ್ಚು.

ಫೈಬರ್ ಒಡಲು: ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿಯಾದ ಭಾಗ ಸ್ಪಷ್ಟ ದನಿಯನ್ನೂ, ಪದರಗಳು ಬಿಟ್ಟುಕೊಂಡ ಭಾಗ ಮಂದ ದನಿಯನ್ನೂ ಕೊಡುತ್ತದೆ. ಮೇಲ್ಮೈಯ ಗುಳ್ಳೆಗಳು ನೀರು ಒಳಸೇರಿರುವುದನ್ನು ಸೂಚಿಸಬಹುದು.

ಉಕ್ಕಿನ ಒಡಲು: ತುಕ್ಕು ಹೆಚ್ಚಾಗಿ ಒಳಗಿನಿಂದ, ನೀರು ನಿಲ್ಲುವ ತಳದಲ್ಲಿ ಮತ್ತು ಮಂಜುಗಡ್ಡೆ ಕರಗುವ ಮೀನು ಸಂಗ್ರಹದ ಕೋಣೆಯ ಅಡಿಯಲ್ಲಿ ಹರಡುತ್ತದೆ. ಶ್ರವಣಾತೀತ ಧ್ವನಿಯ ಉಪಕರಣದಿಂದ ತಗಡಿನ ದಪ್ಪವನ್ನು ಅಳೆದು ಮೂಲ ದಪ್ಪದೊಂದಿಗೆ ಹೋಲಿಸುವುದು ವಿಶ್ವಾಸಾರ್ಹ ವಿಧಾನ. ಒಡಲಿಗೆ ಜೋಡಿಸುವ ಸತುವಿನ ತುಂಡುಗಳು ಸವೆಯುವುದು ಸಹಜ. ಅವು ಸಂಪೂರ್ಣ ಕರಗಿಹೋಗಿದ್ದರೆ ಉಕ್ಕೇ ಸವೆಯಲು ಆರಂಭಿಸಿರಬಹುದು.

ಎಂಜಿನ್ ಮತ್ತು ಚಾಲನಾ ಪರೀಕ್ಷೆ

ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ ನೋಡುವುದು ವಾಡಿಕೆ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ನಿನಲ್ಲಿ ಆರಂಭದ ತೊಂದರೆ ತಿಳಿಯುವುದಿಲ್ಲ. ಎಂಜಿನ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಅದರಲ್ಲಿ ನೀರು ಬೆರೆತಿರುತ್ತದೆ. ನಿರಂತರ ನೀಲಿ ಹೊಗೆ ಆಯಿಲ್ ಉರಿಯುವುದನ್ನೂ, ಕಪ್ಪು ಹೊಗೆ ಡೀಸೆಲ್ ಸರಿಯಾಗಿ ದಹಿಸದಿರುವುದನ್ನೂ ಅಥವಾ ಅತಿಭಾರವನ್ನೂ ಸೂಚಿಸುತ್ತದೆ. ಪ್ರೊಪೆಲ್ಲರ್‌ನ ಬಾಗು, ಶಾಫ್ಟಿನ ಅಲುಗಾಟ ಹಾಗೂ ಚುಕ್ಕಾಣಿಯ ಸಡಿಲಿಕೆಯನ್ನು ದಡದಲ್ಲಿ ನೋಡಿ, ಬಳಿಕ ನೀರಿನಲ್ಲಿ ಪೂರ್ಣ ವೇಗದಲ್ಲಿ ಓಡಿಸಿ ಪರೀಕ್ಷಿಸಲಾಗುತ್ತದೆ. ಓಡಿಸುವ ಮೊದಲು ತಳದ ನೀರನ್ನು ಪೂರ್ತಿ ಹೊರಹಾಕಿದರೆ, ಮರಳಿ ಬಂದಾಗ ಎಷ್ಟು ನೀರು ಸೋರಿದೆ ಎಂಬುದು ತಿಳಿಯುತ್ತದೆ.

ಒಳನಾಡಿನ ದೋಣಿಗಳು

ನಂಜನಗೂಡು ತಾಲ್ಲೂಕಿನಲ್ಲಿ ಹರಿಯುವ ಕಬಿನಿ (ಕಪಿಲಾ) ನದಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಇಂತಹ ನದಿಗಳಲ್ಲಿ ಮೀನು ಹಿಡಿಯಲು ಹರಿಗೋಲುಗಳ ಬಳಕೆ ಇದೆ. ಹಿಂದೆ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಳಕೆಯಲ್ಲಿವೆ, ಫೈಬರಿನ ಹರಿಗೋಲುಗಳೂ ಬಂದಿವೆ. ಬಿದಿರಿಗೆ ಹುಳು ಹಿಡಿದಿದೆಯೇ, ತಳದ ಹೆಣಿಗೆ ಮುರಿದಿದೆಯೇ, ಅಂಚಿನ ಕಟ್ಟು ಸಡಿಲವಾಗಿದೆಯೇ ಎಂದು ನೋಡಿ, ಆಳವಿಲ್ಲದ ನೀರಿನಲ್ಲಿ ಭಾರವಿಟ್ಟು ಕೆಲಕಾಲ ಬಿಟ್ಟು ಸೋರಿಕೆಯನ್ನು ಪರೀಕ್ಷಿಸಬಹುದು.

ಒಳನಾಡಿನ ಯಂತ್ರಚಾಲಿತ ದೋಣಿಗಳಿಗೆ 1917ರ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಅನ್ವಯಿಸುತ್ತದೆ. ಇದರಡಿ ನೋಂದಣಿಯ ಜೊತೆಗೆ ತಪಾಸಣಾ ಪ್ರಮಾಣಪತ್ರ ಮತ್ತು ವಿಮೆ ಅಗತ್ಯ.

ಮೀನುಗಾರಿಕೆಗೆಂದು ಕಟ್ಟಿದ ದೋಣಿಯನ್ನು ಜನರನ್ನು ಸಾಗಿಸಲು ಕೊಳ್ಳುವುದಾದರೆ, ಆ ಬಳಕೆಗೆ ಅದಕ್ಕೆ ಅನುಮತಿ ಸಿಗುವುದೇ ಎಂಬುದನ್ನು ಮೊದಲೇ ವಿಚಾರಿಸಬೇಕಾಗುತ್ತದೆ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಸಮುದ್ರದಲ್ಲಿ ಮಗುಚಿ ಹತ್ತಕ್ಕೂ ಹೆಚ್ಚು ಜನರು ಮೃತಪಟ್ಟರು. ದೋಣಿಯು ಎಷ್ಟು ಜನರನ್ನು ಹೊರಬಲ್ಲದು, ಅಷ್ಟೂ ಜನರಿಗೆ ಜೀವರಕ್ಷಕ ಜಾಕೆಟುಗಳಿವೆಯೇ ಎಂಬುದು ಬೆಲೆಯನ್ನು ನಿಗದಿಪಡಿಸುವ ಮೊದಲೇ ತಿಳಿಯಬೇಕಾದ ಸಂಗತಿ.

ತಜ್ಞರ ತಪಾಸಣೆ ಮತ್ತು ಕರಾರು

ದೊಡ್ಡ ಬೋಟುಗಳ ವಿಷಯದಲ್ಲಿ ಮಾರಾಟಗಾರನೊಂದಿಗೆ ಸಂಬಂಧವಿಲ್ಲದ ನೌಕಾ ಸರ್ವೇಯರ್ ಅಥವಾ ಅನುಭವಿ ದೋಣಿ ಬಡಗಿಯಿಂದ ತಪಾಸಣೆ ಮಾಡಿಸುವುದುಂಟು. ಮುಂಗಡ ಕೊಡುವಾಗ, ತಪಾಸಣೆಯಲ್ಲಿ ದೋಷ ಕಂಡರೆ ಹಣ ಮರಳಿಸಬೇಕು ಎಂಬ ಷರತ್ತನ್ನು ಲಿಖಿತ ಕರಾರಿನಲ್ಲಿ ಸೇರಿಸಲಾಗುತ್ತದೆ. ಬಲೆ, ವಿಂಚ್, ವೈರ್‌ಲೆಸ್, ಜಿಪಿಎಸ್ ಮೊದಲಾದವು ಬೆಲೆಯಲ್ಲಿ ಸೇರಿವೆಯೇ ಎಂಬುದನ್ನೂ ಕರಾರಿನಲ್ಲಿ ನಮೂದಿಸುವುದರಿಂದ ಮುಂದಿನ ವ್ಯಾಜ್ಯಗಳು ತಪ್ಪುತ್ತವೆ.